ತ್ರಿಪದಿಯ ಕಾರು, ದ್ವಿಪದಿಯ ಕಾರು

ಗೇರು ಎಂದೊಡನೆ ನಮ್ಮ ಘಟ್ಟದ ಕೆಳಗಿನ ನೆಂಟರ ಕಣ್ಣಮುಂದೆ ನಿಲ್ಲುವುದು ಗೇರುಮರ, ಅದರ ಹಣ್ಣು, ಪಾಯಸದಲ್ಲಿ ತುಪ್ಪದೊಡನೆ ತೇಲುವ ಅದರ ಬೀಜ. ನಾನು ಈಗ ಹೇಳಹೊರಟಿರುವ ಗೇರು ಅಷ್ಟು ರುಚಿಕರವಾದುದಲ್ಲ. ಅದು ಮೋಟಾರು ಕಾರಿನ ಹೊಟ್ಟೆಯೊಳಗೆ, ಎಣ್ಣೆಯಲ್ಲಿ ಮುಳುಗಿ, ಯಾರ ಕಣ್ಣಿಗೂ ಬೀಳದೆ ತಿರುಗುತ್ತಿರುವ ಹಲ್ಲುಚಕ್ರಗಳ ಸಂಸಾರ. ಆ ಸಂಸಾರವನ್ನು ನಾವು ಕೈಯಾರೆ ನಡೆಸಬೇಕೇ, ಇಲ್ಲವೆ ಅದು ತನ್ನನ್ನು ತಾನೇ ನಡೆಸಿಕೊಳ್ಳಲೆಂದು ಬಿಟ್ಟುಬಿಡಬೇಕೇ ಎಂಬುದು ಇಂದು ಕಾರು ಕೊಳ್ಳಹೊರಟ ಅನೇಕ ಮನೆಗಳಲ್ಲಿ ಏಳುವ ಪ್ರಶ್ನೆ. ನಮ್ಮ ಮನೆಯಲ್ಲಿಯೂ ಎದ್ದಿತು. ಕಾರಿನ ಬಣ್ಣದ ವಿಷಯದಲ್ಲಿ ಒಂದೇ ಸಂಜೆಗೆ ಒಮ್ಮತಕ್ಕೆ ಬಂದ ನಮ್ಮವರು ಈ ಒಂದು ಪ್ರಶ್ನೆಯನ್ನು ಮಾತ್ರ ಎಂಟು ತಿಂಗಳ ಕಾಲ ಜಗ್ಗಾಡಿದರು.

ಈ ಎರಡು ಬಗೆಯ ಕಾರುಗಳಿಗೆ ಕನ್ನಡದಲ್ಲಿ ಒಪ್ಪುವಂಥ ಹೆಸರಿಲ್ಲವೆಂಬುದು ಕನ್ನಡ ಪಾಠ ಹೇಳಿ ಹೊಟ್ಟೆಹೊರೆಯುವ ನನಗೆ ತುಸು ನೋವಿನ ಸಂಗತಿ. ಒಂದನ್ನು ‘ಸ್ವಯಂಚಾಲಿತ’ ಎನ್ನುತ್ತಾರೆ. ಸ್ವಯಂಚಾಲಿತ ಎಂದರೆ ತನ್ನಷ್ಟಕ್ಕೆ ತಾನೇ ನಡೆಯುವುದು ಎಂದಾಯಿತು. ಆದರೆ ಈ ಕಾರು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಚಕ್ರ ತಿರುಗಿಸಬೇಕಾದವರು ನಾವು, ಬ್ರೇಕು ಒತ್ತಬೇಕಾದವರು ನಾವು, ಪೊಲೀಸರು ಹಿಡಿದರೆ ದಂಡ ಕಟ್ಟಬೇಕಾದವರೂ ನಾವೇ. ಅದು ತಾನೇ ಮಾಡಿಕೊಳ್ಳುವುದು ಗೇರಿನ ಬದಲಾವಣೆಯೊಂದನ್ನು. ಇನ್ನೊಂದಕ್ಕೆ ‘ಮ್ಯಾನುಯಲ್’ ಎಂದು ಹೆಸರು. ಲ್ಯಾಟಿನ್ನಿನಲ್ಲಿ ‘ಮಾನುಸ್’ ಎಂದರೆ ಕೈ. ಹೆಸರು ಕೈಯದು, ದುಡಿತವೆಲ್ಲ ಎಡಗಾಲಿನದು! ಆದುದರಿಂದ ನನ್ನ ಅನುಕೂಲಕ್ಕಾಗಿ ನಾನೇ ಎರಡು ಹೆಸರುಗಳನ್ನು ಇಟ್ಟುಕೊಂಡಿದ್ದೇನೆ. ಕ್ಲಚ್ಚು, ಬ್ರೇಕು, ಎಕ್ಸಿಲರೇಟರು ಎಂದು ಮೂರು ಪೆಡಲುಗಳಿರುವ ಕಾರು ತ್ರಿಪದಿ. ಕ್ಲಚ್ಚಿಲ್ಲದೆ ಎರಡೇ ಪೆಡಲಿರುವುದು ದ್ವಿಪದಿ. ಸರ್ವಜ್ಞ ಕ್ಷಮಿಸಬೇಕು. ಆದರೆ ಅವನ ಪದ್ಯದಲ್ಲಿ ಹೇಗೋ ಹಾಗೆಯೇ ಈ ವಾಹನದಲ್ಲಿಯೂ ಮೂರರಲ್ಲಿ ಒಂದು ಪಾದ ತಪ್ಪಿದರೆ ಗತಿ ಕೆಟ್ಟು ಎಲ್ಲವೂ ಗಕ್ಕನೆ ನಿಂತುಬಿಡುತ್ತದೆಂಬುದನ್ನು ಕಾರು ಕಲಿತವರೆಲ್ಲರೂ ಬಲ್ಲರು.

ಆ ಮೂರನೆಯ ಪಾದದ ಅಗತ್ಯವಾದರೂ ಏನು? ಪೆಟ್ರೋಲು ಇಂಜಿನು ಒಂದು ವಿಚಿತ್ರ ಸ್ವಭಾವದ ಪ್ರಾಣಿ. ಎತ್ತಿಗೆ ‘ನಿಲ್ಲು’ ಎಂದರೆ ನಿಲ್ಲುತ್ತದೆ, ‘ನಡೆ’ ಎಂದರೆ ನಡೆಯುತ್ತದೆ. ಇಂಜಿನು ಹಾಗಲ್ಲ. ನಿಮಿಷಕ್ಕೆ ೭೦೦–೮೦೦ ಸುತ್ತಾದರೂ ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಜೀವ. ಅದಕ್ಕಿಂತ ಬಹಳ ನಿಧಾನಿಸಿತೋ, ಉಸಿರು ಕಟ್ಟಿ ಸಾಯುತ್ತದೆ. ಚಕ್ರಗಳಾದರೋ ಆಗಾಗ ನಿಲ್ಲಲೇಬೇಕು. ನಿಲ್ಲಲಾರದ ಇಂಜಿನಿಗೂ ನಿಲ್ಲಲೇಬೇಕಾದ ಚಕ್ರಕ್ಕೂ ನಡುವೆ ಒಬ್ಬ ಮಧ್ಯಸ್ಥ ಬೇಕಲ್ಲವೆ? ಅವನೇ ಕ್ಲಚ್ಚು. ವ್ಯಾಕರಣದಲ್ಲಿ ಎರಡು ಸ್ವರಗಳು ಮುಖಾಮುಖಿಯಾದಾಗ ನಡುವೆ ಯಕಾರವೋ ವಕಾರವೋ ಬಂದು ‘ಮನೆ ಅನ್ನು’ ಎಂಬುದನ್ನು ‘ಮನೆಯನ್ನು’ ಎಂದು ನಯವಾಗಿಸುವುದಿಲ್ಲವೆ, ಅಂಥ ಕೆಲಸ ಅವನದು. ಎಡಗಾಲನ್ನು ಒತ್ತಿದರೆ ಇಬ್ಬರನ್ನೂ ಬಿಡಿಸುತ್ತಾನೆ; ಮೆಲ್ಲನೆ ಎತ್ತಿದರೆ ಕೂಡಿಸುತ್ತಾನೆ. ಆ ‘ಮೆಲ್ಲನೆ’ ಎಂಬುದರಲ್ಲಿಯೇ ಇದೆ ಸಕಲ ವಿದ್ಯೆ. ಇನ್ನು ಗೇರುಗಳ ಕೆಲಸ ಸರಳ: ದಿಬ್ಬ ಹತ್ತುವಾಗ ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವುದು, ಸಮತಟ್ಟಿನಲ್ಲಿ ಬಲವನ್ನು ಕೊಟ್ಟು ವೇಗವನ್ನು ಕೊಳ್ಳುವುದು. ಒಂದು ಬಗೆಯ ಚಿಲ್ಲರೆ ವ್ಯಾಪಾರ.

ಹಿಂದೆ ಈ ವ್ಯಾಪಾರ ಇಷ್ಟು ಸುಲಭವಾಗಿರಲಿಲ್ಲ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಹಲ್ಲುಚಕ್ರಗಳನ್ನು ಕೂಡಿಸಹೊರಟರೆ ಅವು ಕರಕರನೆ ಹಲ್ಲು ಕಡಿಯುತ್ತಿದ್ದುವು. ಅದನ್ನು ತಪ್ಪಿಸಲು ಒಂದು ಗೇರಿಗೆ ಎರಡು ಸಲ ಕ್ಲಚ್ಚು ತುಳಿಯಬೇಕಾಗಿತ್ತು. ೧೯೨೮ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ, ಕೂಡುವ ಮುನ್ನವೇ ಎರಡು ಚಕ್ರಗಳ ವೇಗವನ್ನು ಸರಿದೂಗಿಸುವ ‘ಸಿಂಕ್ರೋಮೆಶ್’ ಬಂದ ಮೇಲೆ ಆ ಕಷ್ಟ ಕ್ರಮೇಣ ತೀರಿತು. ಅದಕ್ಕೂ ಮೊದಲು, ೧೯೦೮ರಲ್ಲಿ, ಫೋರ್ಡ್ ಕಂಪನಿ ಹೊರತಂದ ಟಿ ಮಾದರಿಯ ಕಾರನ್ನು ಇಂದಿನ ಚಾಲಕರ ಮುಂದೆ ನಿಲ್ಲಿಸಿದರೆ ಗಾಬರಿಬೀಳುತ್ತಾರೆ. ಅದರಲ್ಲಿಯೂ ಮೂರು ಪೆಡಲುಗಳಿದ್ದುವು, ಆದರೆ ಒಂದೂ ಎಕ್ಸಿಲರೇಟರಲ್ಲ! ಎಡಗಡೆಯದು ಗೇರಿಗೆ, ನಡುವಿನದು ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕಿಗೆ. ಇಂಜಿನಿನ ವೇಗ ಹೆಚ್ಚಿಸುವ ಸನ್ನೆಗೋಲು ಸ್ಟೀಯರಿಂಗಿನ ಕೆಳಗೆ, ಕೈಯಲ್ಲಿ. ಕೈ ಯಾವುದು ಮಾಡಬೇಕು, ಕಾಲು ಯಾವುದು ಮಾಡಬೇಕು ಎಂಬುದು ದೇವರು ಬರೆದ ಕಟ್ಟಳೆಯೇನೂ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅದೇ ಅಮೆರಿಕದಲ್ಲಿ ಜನರಲ್ ಮೋಟರ್ಸಿನವರು ‘ಹೈಡ್ರಾಮ್ಯಾಟಿಕ್’ ಎಂಬ ಸ್ವಯಂಚಾಲಿತ ಗೇರನ್ನು ೧೯೪೦ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಕೊಟ್ಟರು. ಮಹಾಯುದ್ಧ ಬಂದಾಗ ಅದನ್ನೇ ಟ್ಯಾಂಕುಗಳಿಗೂ ಜೋಡಿಸಿದರು. ಇಂದು ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ತ್ರಿಪದಿಗಳು ನೂರಕ್ಕೆ ನಾಲ್ಕೈದೂ ಇಲ್ಲ. ಕಳ್ಳನಿಗೆ ಕ್ಲಚ್ಚು ಬರದಿದ್ದುದರಿಂದ ಕಾರು ಉಳಿಯಿತೆಂಬ ಕಥೆಗಳು ಅಲ್ಲಿಂದ ಬರುತ್ತಿರುತ್ತವೆ.

ನಮ್ಮ ದೇಶದಲ್ಲಿ ಇದು ಬಹುಕಾಲ ಶ್ರೀಮಂತರ ಮಾತಾಗಿತ್ತು. ನಮಗೆ ಗೊತ್ತಿದ್ದುದು ಅಂಬಾಸಡರು, ಫಿಯೆಟ್ಟು. ಅವುಗಳಲ್ಲಿ ಗೇರ್ ರಾಡು ನೆಲದಲ್ಲಿರದೆ ಸ್ಟೀಯರಿಂಗಿನ ಪಕ್ಕಕ್ಕೇ ಅಂಟಿಕೊಂಡಿರುತ್ತಿತ್ತು. ಮುಂದಿನದು ಉದ್ದನೆಯ ಒಂದೇ ಆಸನವಾದುದರಿಂದ ಚಾಲಕನಲ್ಲದೆ ಇಬ್ಬರು ದೊಡ್ಡವರೂ ಅವರ ತೊಡೆಯ ಮೇಲೊಂದು ಮಗುವೂ ಕೂರುವಷ್ಟು ಸ್ಥಳ. ೧೯೮೩ರಲ್ಲಿ ಮಾರುತಿ ೮೦೦ ಬಂದಿತು. ಗೇರ್ ರಾಡು ನೆಲಕ್ಕಿಳಿಯಿತು. ಮಗು ಹಿಂದಿನ ಆಸನಕ್ಕೆ ಹೋಯಿತು. ದ್ವಿಪದಿಯ ಕಾರುಗಳು ಆಗೊಂದು ಈಗೊಂದು ಕಾಣಿಸಿದರೂ ‘ಪೆಟ್ರೋಲು ಕುಡಿಯುತ್ತದೆ’ ಎಂಬ ಅಪಖ್ಯಾತಿ ಅವುಗಳಿಗಿತ್ತು, ಅದು ಸುಳ್ಳೂ ಆಗಿರಲಿಲ್ಲ. ಸಾಮಾನ್ಯ ಸಂಸಾರಿಯ ಮನೆಬಾಗಿಲಿಗೆ ಅದು ಬಂದುದು ೨೦೧೪ರಲ್ಲಿ, ಮಾರುತಿ ಕಂಪನಿಯ ಸೆಲೆರಿಯೋ ಕಾರಿನೊಡನೆ. ಅದರಲ್ಲಿ ಹೊಸ ಗೇರುಪೆಟ್ಟಿಗೆಯನ್ನೇನೂ ಮಾಡಿರಲಿಲ್ಲ. ಹಳೆಯ ತ್ರಿಪದಿಯ ಪೆಟ್ಟಿಗೆಯನ್ನೇ ಇಟ್ಟು, ಕ್ಲಚ್ಚನ್ನು ತುಳಿಯಲು ಗೇರನ್ನು ತಳ್ಳಲು ಒಂದು ಯಂತ್ರವನ್ನು ಕೂರಿಸಿದ್ದರು, ಅಷ್ಟೆ. ಮನೆ ಅದೇ, ಅಡಿಗೆಯವರು ಮಾತ್ರ ಬೇರೆ. ಪೆಟ್ರೋಲಿನ ಖರ್ಚೂ ಹೆಚ್ಚು ಕಡಿಮೆ ಅಷ್ಟೇ. ಗೇರು ಬದಲಾಗುವಾಗಲೆಲ್ಲ ಕಾರು ಒಮ್ಮೆ ತಲೆದೂಗುತ್ತದೆಂಬುದೊಂದು ಕೊರತೆ; ಸಂಗೀತ ಕಛೇರಿಗೆ ಹೋಗಿ ಅಭ್ಯಾಸವಿರುವವರಿಗೆ ಅದು ಅಷ್ಟೇನೂ ಅಸಹ್ಯವಲ್ಲ.

ಆದರೆ ಈ ಗೇರಿನ ಪ್ರಶ್ನೆಯಲ್ಲಿ ಯಂತ್ರಕ್ಕಿಂತ ಹೆಚ್ಚಿನದೇನೋ ಇದೆಯೆಂದು ನನಗೆ ಅನ್ನಿಸುವುದು ಕಾರನ್ನು ನೋಡಿದಾಗಲ್ಲ, ಸ್ಕೂಟರನ್ನು ನೆನೆದಾಗ. ೧೯೭೨ರಲ್ಲಿ ಬಂದ ಬಜಾಜ್ ಚೇತಕ್ ಸ್ಕೂಟರನ್ನು ಓದುಗರು ಮರೆತಿರಲಾರರು. ಎಡಗೈಯಲ್ಲಿ ಕ್ಲಚ್ಚನ್ನು ಹಿಡಿದು ಹಿಡಿಯನ್ನೇ ತಿರುಚಿ ಗೇರು ಹಾಕಬೇಕು. ಹೊರಡದಿದ್ದರೆ ಒಂದು ಬದಿಗೆ ವಾಲಿಸಿ ಒದೆಯಬೇಕು. ಆ ಕಾಲದ ಯಾವುದೇ ಊರಿನ ಬೀದಿಯನ್ನು ಕಣ್ಣಮುಂದೆ ತಂದುಕೊಳ್ಳಿ: ಮುಂದೆ ಯಜಮಾನರು, ಅವರ ಮುಂದೆ ನಿಂತ ಮಗು, ಹಿಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಸೆರಗು ಬಿಗಿಹಿಡಿದು ಕೂತ ಗೃಹಿಣಿ. ೧೯೮೪ರಲ್ಲಿ ಕೈನೆಟಿಕ್ ಹೋಂಡಾ ಬಂದಿತು. ಗುಂಡಿ ಒತ್ತಿದರೆ ಹೊರಡುವುದು, ಕ್ಲಚ್ಚಿಲ್ಲ, ಗೇರಿಲ್ಲ. ಹತ್ತಾರು ವರ್ಷಗಳಲ್ಲಿ ನಮ್ಮ ಊರುಗಳ ಬೀದಿಯ ಚಿತ್ರವೇ ಬದಲಾಯಿತು. ಶಾಲೆಗೆ ಹೋಗುವ ಉಪಾಧ್ಯಾಯಿನಿ, ಬ್ಯಾಂಕಿನ ಗುಮಾಸ್ತೆ, ಕಾಲೇಜಿನ ಹುಡುಗಿ ಎಲ್ಲರೂ ಮುಂದಿನ ಆಸನಕ್ಕೆ ಬಂದರು. ಗೇರು ಹಾಕುವುದು ಅವರಿಗೆ ಅಸಾಧ್ಯವಾಗಿತ್ತೆಂದಲ್ಲ. ಮೋಟಾರು ಸೈಕಲ್ಲನ್ನೇ ಓಡಿಸುವ ಹುಡುಗಿಯರು ನನ್ನ ತರಗತಿಯಲ್ಲಿದ್ದಾರೆ. ‘ನಿನಗೆ ಗೇರು ಬರುವುದಿಲ್ಲ’ ಎಂದು ಹೇಳಲು ಒಂದು ನೆಪವಿತ್ತು. ಗೇರು ಹೋದೊಡನೆ ಆ ನೆಪವೂ ಹೋಯಿತು.

ಇದನ್ನು ನಾನು ಮನೆಯ ಹೊರಗೆ ಕಂಡು ಹೇಳುತ್ತಿರುವ ಮಾತಲ್ಲ. ತೀರ್ಥಹಳ್ಳಿಯಲ್ಲಿ ನಮ್ಮ ತಾಯಿಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿದ್ದರು. ಗೇರಿಲ್ಲದ ಸ್ಕೂಟರಿನಲ್ಲಿ ಮಳೆ ಗಾಳಿ ಎನ್ನದೆ ಹದಿನಾಲ್ಕು ವರ್ಷ ಶಾಲೆಗೆ ಹೋಗಿಬಂದವರು. ತಂದೆಯವರು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ೧೯೯೮ರಲ್ಲಿ ಸಾಲ ಮಾಡಿ ಬಿಳಿಯ ಮಾರುತಿ ೮೦೦ ಒಂದನ್ನು ಕೊಂಡರು. ನಾಲ್ಕೇ ಗೇರಿನ ಕಾರು. ಅದನ್ನು ಅವರು ನಡೆಸುತ್ತಿದ್ದ ರೀತಿಯನ್ನು ಕಂಡವರು ಯಾರೂ ಕ್ಲಚ್ಚನ್ನು ಹೀಗಳೆಯಲಾರರು. ಏರಿನಲ್ಲಿ ನಿಂತ ಕಾರನ್ನು ಕೈಬ್ರೇಕು ಸಡಿಲಿಸಿ, ಹಾಫ್ ಕ್ಲಚ್ಚಿನಲ್ಲಿ ಒಂದು ಅಂಗುಲವೂ ಹಿಂಜಾರದಂತೆ ಎತ್ತಿಕೊಂಡು ಹೋಗುತ್ತಿದ್ದರು. ತೊಟ್ಟಿಲಿನಲ್ಲಿ ಮಲಗಿದ ಮಗುವನ್ನು ಎಚ್ಚರವಾಗದಂತೆ ಎತ್ತಿಕೊಂಡ ಹಾಗೆ. ನನಗೆ ಹದಿನೆಂಟು ತುಂಬಿದ ವರ್ಷ ಅದನ್ನು ನನಗೆ ಕಲಿಸಿದರು. ಮೊದಲ ವಾರ ಗಾಡಿಯನ್ನು ಹೊರಡಿಸಲೇ ಇಲ್ಲ. ಅಂಗಳದಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ, ಕ್ಲಚ್ಚು ಎಲ್ಲಿ ಹಿಡಿಯುತ್ತದೆಂಬುದನ್ನು ಪಾದದ ಅಡಿಯಿಂದ ಹೇಳಬೇಕೆಂದರು. ಆ ಪಾಠ ನನ್ನ ಎಡಗಾಲಿನಲ್ಲಿ ಇಂದಿಗೂ ಇದೆ. ಎಂ.ಎ. ತರಗತಿಯಲ್ಲಿ ಕಲಿತ ಅನೇಕ ಸಂಗತಿಗಳು ಅಷ್ಟು ಗಟ್ಟಿಯಾಗಿ ಉಳಿದಿಲ್ಲ.

ತಾಯಿಯವರಿಗೆ ಮಾತ್ರ ಆ ಪಾಠವಾಗಲಿಲ್ಲ. ಒಂದೆರಡು ಬಾರಿ ಅವರು ಕೇಳಿದ್ದುಂಟು. “ಸ್ಕೂಟರಿನ ಹಾಗಲ್ಲ ಇದು. ಕ್ಲಚ್ಚಿಗೆ ಕಾಲು ಬಹಳ ಸೂಕ್ಷ್ಮ ಇರಬೇಕು” ಎಂದು ತಂದೆಯವರು ನಗುತ್ತಲೇ ಹೇಳಿಬಿಡುತ್ತಿದ್ದರು. ಮಾತಿನಲ್ಲಿ ಕಠಿಣವೇನೂ ಇರಲಿಲ್ಲ. ತಾಯಿಯವರು ಎಡಗಡೆಯ ಆಸನದಲ್ಲಿ ಇಪ್ಪತ್ತೈದು ವರ್ಷ ಕೂತರು. ವಿಚಿತ್ರವೆಂದರೆ ಆ ಆಸನದಿಂದಲೇ ಅವರು, “ಎರಡಕ್ಕೆ ಹಾಕಿ, ಪಾಪ, ಒದ್ದಾಡುತ್ತಿದೆ” ಎನ್ನುವರು. ತಂದೆಯವರ ಕೈ ಅಷ್ಟು ಹೊತ್ತಿಗೆ ಗೇರ್ ರಾಡಿನ ಮೇಲೆ ಇದ್ದೇ ಇರುತ್ತಿತ್ತು. “ಗೊತ್ತು ಮಾರಾಯ್ತಿ” ಎಂದು ಹಾಕುವರು. ಇದು ನಮಗೆ ಮನೆಯ ತಮಾಷೆಯಾಗಿತ್ತು. ಅದರಲ್ಲಿ ತಮಾಷೆಯಲ್ಲದೆ ಬೇರೆ ಏನಿತ್ತೆಂದು ಯೋಚಿಸುವ ಗೋಜಿಗೆ ಆಗ ಯಾರೂ ಹೋಗಿರಲಿಲ್ಲ.

ಉದ್ಯೋಗ ನನ್ನನ್ನು ಬೆಂಗಳೂರಿಗೆ ತಂದಿತು. ಇಲ್ಲಿನ ರಸ್ತೆಗಳಲ್ಲಿ ಎಡಗಾಲಿನ ವಿದ್ಯೆಗೆ ಯಾವ ಗೌರವವೂ ಇಲ್ಲ. ಮೊದಲ ಗೇರು, ಹತ್ತು ಮಾರು, ಕ್ಲಚ್ಚು, ನ್ಯೂಟ್ರಲ್. ಮತ್ತೆ ಮೊದಲ ಗೇರು, ಎಂಟು ಮಾರು, ಕ್ಲಚ್ಚು. ಒಂದು ಸಂಜೆ ಕಾಲೇಜಿನಿಂದ ಮನೆಗೆ ಬರುವ ದಾರಿಯಲ್ಲಿ ಎಷ್ಟು ಬಾರಿ ಕ್ಲಚ್ಚು ತುಳಿಯುತ್ತೇನೆಂದು ಎಣಿಸತೊಡಗಿದೆ. ನೂರು ದಾಟಿದಾಗ ಅರ್ಧ ದಾರಿಯೂ ಸಂದಿರಲಿಲ್ಲ, ಬೇಸರವಾಗಿ ಬಿಟ್ಟೆ. ಇದು ಚಾಲನೆಯಲ್ಲ, ಕಾಲಿನಿಂದ ಹೊಲಿಗೆಯಂತ್ರ ತುಳಿದ ಹಾಗೆ. ನಮಗಾದರೆ ದಿನಕ್ಕೆ ಎರಡು ಗಂಟೆ. ನಗರದ ಬಸ್ಸಿನ ಚಾಲಕರ ಗತಿಯೇನು? ನಮ್ಮ ಬೀದಿಯಲ್ಲಿ ಅಂಥವರೊಬ್ಬರಿದ್ದಾರೆ. ನಿವೃತ್ತರಾಗಿ ಮೂರು ವರ್ಷವಾಯಿತು. ಮೆಟ್ಟಿಲಿಳಿಯುವಾಗ ಎಡಗಾಲನ್ನು ಮೊದಲು ಇಳಿಸುವುದಿಲ್ಲ. ೨೦೦೬ರಲ್ಲಿ ಬೆಂಗಳೂರಿಗೆ ಕೆಂಪು ವೋಲ್ವೋ ಬಸ್ಸುಗಳು ಬಂದಾಗ ನಾವು ಪ್ರಯಾಣಿಕರು ಹವಾನಿಯಂತ್ರಣವನ್ನು ಹೊಗಳಿದೆವು. ಅವರು ಹೊಗಳಿದ್ದು ಅದರಲ್ಲಿ ಕ್ಲಚ್ಚಿಲ್ಲವೆಂಬುದನ್ನು. “ಮೊದಲನೆಯ ದಿನ ಎಡಗಾಲನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ ಸಾರ್. ಅದಕ್ಕೆ ಕೆಲಸವಿಲ್ಲದೆ ನಾಚಿಕೆ ಆಗ್ತಿತ್ತು” ಎಂದರು. ಗೇರು ಹಾಕುವುದರ ರಸಾನಂದವನ್ನು ವರ್ಣಿಸಿ ಬರೆಯುವವರು ಒಮ್ಮೆ ಅವರ ಮೊಣಕಾಲನ್ನು ನೋಡಬೇಕೆಂದು ನನ್ನ ಅಭಿಪ್ರಾಯ. ನಾನೂ ಆ ರಸಾನಂದದವರ ಗುಂಪಿಗೇ ಸೇರಿದವನಾದರೂ ಇಷ್ಟನ್ನು ಒಪ್ಪಲೇಬೇಕು.

ಮೂರು ವರ್ಷದ ಕೆಳಗೆ ತಂದೆಯವರ ಎಡ ಮೊಣಕಾಲೂ ಕೈಕೊಟ್ಟಿತು. ಕೀಲು ಸವೆದಿದೆಯೆಂದು ಮಣಿಪಾಲದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ಹದಿನೈದು ದಿನಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ ತೋರಿಸಲು ಹೋಗಬೇಕು. ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಎಂಬತ್ತು ಕಿಲೋಮೀಟರಿನ ಆಸುಪಾಸು. ನಡುವೆ ಆಗುಂಬೆ ಘಾಟಿ, ಅದರ ಹದಿನಾಲ್ಕು ಹಿಮ್ಮುರಿ ತಿರುವುಗಳು. ನಾನು ಬೆಂಗಳೂರಿನಲ್ಲಿ. ಬಾಡಿಗೆ ಕಾರು ಮಾಡಿಕೊಂಡು ಹೋದರು. ಎರಡನೆಯ ಸಲ ಹೋದಾಗ ಚಾಲಕ ಪೆಟ್ರೋಲು ಉಳಿಸಲೆಂದು ಘಾಟಿಯನ್ನು ನ್ಯೂಟ್ರಲಿನಲ್ಲಿ ಇಳಿಸಿದನಂತೆ. ತಿಳಿಯದವರಿಗಾಗಿ ಹೇಳುತ್ತೇನೆ: ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿದ್ದರೆ ಇಂಜಿನೇ ಕಾರನ್ನು ಹಿಡಿದು ತಡೆಯುತ್ತದೆ, ನ್ಯೂಟ್ರಲಿನಲ್ಲಿ ಆ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾಯುತ್ತದೆ. ಅತಿಯಾಗಿ ಕಾದ ಬ್ರೇಕು ಒತ್ತಿದರೂ ಹಿಡಿಯುವುದಿಲ್ಲ. ಒಂಬತ್ತನೆಯ ತಿರುವಿನಲ್ಲಿ ಸುಟ್ಟ ವಾಸನೆ ಬಂದಿತು. ತಂದೆಯವರು ಕಾರು ನಿಲ್ಲಿಸಿ, ಅರ್ಧ ಗಂಟೆ ಬಂಡೆಯ ಮೇಲೆ ಕೂತು, ಬ್ರೇಕು ತಣಿದ ಮೇಲೆ ಹೊರಡಿಸಿದರಂತೆ. ಆ ರಾತ್ರಿ ದೂರವಾಣಿಯಲ್ಲಿ, “ಇನ್ನು ಬಾಡಿಗೆ ಕಾರು ಹತ್ತುವುದಿಲ್ಲ. ಕಾಲು ಹೇಗಾದರೂ ಇರಲಿ” ಎಂದರು. ದನಿ ಎಂದಿನದಾಗಿರಲಿಲ್ಲ. ಮುಂದಿನ ಎರಡು ಸಲ ಹೋಗಲೂ ಇಲ್ಲ. ಮೊಣಕಾಲು ಬಿಗಿಯತೊಡಗಿತು.

ಕಾರಿನ ಚರ್ಚೆ ಆರಂಭವಾದುದು ಆಗ. ದ್ವಿಪದಿಯ ಕಾರು ಕೊಂಡರೆ ಎಡಗಾಲಿಗೆ ಕೆಲಸವಿಲ್ಲ, ವೈದ್ಯರು ಒಪ್ಪಿದಾಗ ನೀವೇ ನಡೆಸಬಹುದು ಎಂದು ನಾನು ಹೇಳಿದೆ. ತಂದೆಯವರು ಕೇಳಲಿಲ್ಲ. “ಗೇರಿಲ್ಲದ ಕಾರು ಉಪ್ಪಿಲ್ಲದ ಸಾರು” ಎಂದರು. ಬ್ಯಾಟರಿ ಹೋದರೆ ತಳ್ಳಿ ಹೊರಡಿಸಲಾಗುವುದಿಲ್ಲವೆಂದರು, ಅದು ನಿಜ. ಸುಮಾರು ಅರ್ಧ ಲಕ್ಷ ರೂಪಾಯಿ ಹೆಚ್ಚು ಕೊಡಬೇಕೆಂದರು, ಅದೂ ನಿಜ. ಅವರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. “ಆ ಯಂತ್ರಕ್ಕೆ ಕಳೆದುಹೋದ ರಸ್ತೆ ಗೊತ್ತು ಕಣೋ. ಎದುರಿಗೆ ಬರುವ ತಿರುವು ಗೊತ್ತಿಲ್ಲ” ಎಂದರು. ಇದರಲ್ಲಿ ಸತ್ಯವಿದೆ. ಸಾಮಾನ್ಯ ಕಾರಿನ ಗೇರುಯಂತ್ರ ತಿಳಿಯುವುದು ಈಗಿನ ವೇಗವನ್ನು, ಕಾಲು ಎಷ್ಟು ಒತ್ತಿದೆಯೆಂಬುದನ್ನು, ಇಂಜಿನಿನ ಏದುಸಿರನ್ನು. ಮುಂದೆ ಹಿಮ್ಮುರಿ ತಿರುವಿದೆ, ಅಲ್ಲೊಂದು ಬಸ್ಸು ಇಳಿಯುತ್ತಿದೆ ಎಂಬುದು ಕಣ್ಣಿದ್ದವನಿಗೆ ಮಾತ್ರ ತಿಳಿಯುವ ಸಂಗತಿ. ತ್ರಿಪದಿಯ ಪರವಾಗಿ ನಾನು ಕೇಳಿರುವ ವಾದಗಳಲ್ಲಿ ಇದಕ್ಕಿಂತ ಗಟ್ಟಿಯಾದುದಿಲ್ಲ. ಉಳಿದುವೆಲ್ಲ ಹೆಚ್ಚಿನಂಶ ಮೀಸೆಯ ವಾದಗಳು.

ಗಂಟನ್ನು ಬಿಚ್ಚಿದವಳು ನನ್ನ ಮನೆಯಾಕೆ. ದೀಪಾವಳಿಗೆ ಊರಿಗೆ ಹೋಗಿದ್ದಾಗ, ಹೋಳಿಗೆ ಬಡಿಸುತ್ತ, ತೀರ ಸಹಜವಾಗಿ, “ಮಾವ, ಕಾರು ನೀವೇ ಏಕೆ ಓಡಿಸಬೇಕು? ಅತ್ತೆ ಓಡಿಸಲಿ” ಎಂದಳು. ಊಟದ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ತಾಯಿಯವರಿಗೆ ಆಗ ಅರವತ್ತೊಂದು. ಅವರು ತಲೆಯೆತ್ತದೆ, “ಎರಡು ಪೆಡಲಿನದಾದರೆ ಓಡಿಸುತ್ತೇನೆ” ಎಂದರು. ಅದು ಆ ಕ್ಷಣದಲ್ಲಿ ಹುಟ್ಟಿದ ಮಾತಲ್ಲವೆಂದು ಕೇಳಿದವರಿಗೆಲ್ಲ ತಿಳಿಯಿತು. ತಂದೆಯವರು ಮತ್ತೊಂದು ಹೋಳಿಗೆ ಹಾಕಿಸಿಕೊಂಡರು.

ಲೈಸೆನ್ಸಿನ ಕಥೆಯನ್ನು ಬೆಳೆಸುವುದಿಲ್ಲ. ನಲವತ್ತು ದಾಟಿದವರು ವೈದ್ಯರ ಪ್ರಮಾಣಪತ್ರ ಕೊಡಬೇಕು, ಕೊಟ್ಟರು. ಕಾರಿಗೆ ಕೆಂಪು ‘ಎಲ್’ ಅಕ್ಷರ ಅಂಟಿಸಿದರು. ಪಾಠ ಹೇಳಿದವರು ತೀರ್ಥಹಳ್ಳಿಯ ಡ್ರೈವಿಂಗ್ ಶಾಲೆಯ ಒಬ್ಬ ಹುಡುಗ. ಅವನು ತಾಯಿಯವರ ಹಳೆಯ ಶಿಷ್ಯನೇ ಆದುದರಿಂದ ಗದರಿಸಲಾರದೆ ಬಹಳ ಕಷ್ಟಪಟ್ಟನಂತೆ. ಪರೀಕ್ಷೆ ಮೊದಲ ಸಲಕ್ಕೇ ಆಯಿತು. ಇಲ್ಲೊಂದು ಸ್ವಾರಸ್ಯವನ್ನು ಹೇಳಬೇಕು. ಇಂಗ್ಲೆಂಡಿನಲ್ಲಿ ದ್ವಿಪದಿಯ ಕಾರಿನಲ್ಲಿ ಪರೀಕ್ಷೆ ಕೊಟ್ಟವರಿಗೆ ಅದನ್ನು ಮಾತ್ರ ನಡೆಸುವ ಪರವಾನಗಿ. ತ್ರಿಪದಿಗೆ ಬೇರೆ ಪರೀಕ್ಷೆ ಕೊಡಬೇಕು. ನಮ್ಮಲ್ಲಿ ಸ್ಕೂಟರಿಗೆ ‘ಗೇರಿರುವುದು’, ‘ಗೇರಿಲ್ಲದ್ದು’ ಎಂದು ಭೇದವಿದೆ, ಕಾರಿಗಿಲ್ಲ. ಹೀಗಾಗಿ ಜೀವಮಾನದಲ್ಲಿ ಒಮ್ಮೆಯೂ ಕ್ಲಚ್ಚು ತುಳಿಯದ ನಮ್ಮ ತಾಯಿಯವರಿಗೆ ಸರಕಾರವು ತಂದೆಯವರ ಬಿಳಿಯ ಮಾರುತಿಯನ್ನೂ ನಡೆಸುವ ಹಕ್ಕನ್ನು ಕೊಟ್ಟಿತು.

ಎರಡು ತಿಂಗಳು ಪೇಟೆಯೊಳಗೆ, ಬಳಿಕ ಶಿವಮೊಗ್ಗದ ರಸ್ತೆಯಲ್ಲಿ ಓಡಿಸಿ ಕೈ ಪಳಗಿದ ಮೇಲೆ, ಮಣಿಪಾಲಕ್ಕೆ ಮೊದಲ ಸಲ ಹೊರಟರು. ನಾನು ರಜೆ ಹಾಕಿ ಹೋಗಿ ಹಿಂದಿನ ಆಸನದಲ್ಲಿ ಕೂತೆ. ಎಡಗಡೆಯ ಆಸನದಲ್ಲಿ, ಇಪ್ಪತ್ತೈದು ವರ್ಷ ತಾಯಿಯವರು ಕೂತಿದ್ದ ಜಾಗದಲ್ಲಿ, ತಂದೆಯವರು. ಅವರಿಗೆ ಅಲ್ಲಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಕನ್ನಡಿಯನ್ನು ತಮಗೆ ಬೇಕಾದಂತೆ ತಿರುಗಿಸಹೋಗಿ ಕೈ ಹಿಂದೆಗೆದುಕೊಂಡರು. ಆಗುಂಬೆಯ ತನಕ ಯಾರೂ ಹೆಚ್ಚು ಮಾತನಾಡಲಿಲ್ಲ. ಸೂರ್ಯಾಸ್ತ ನೋಡುವ ಸ್ಥಳ ದಾಟಿ ಇಳಿಜಾರು ಆರಂಭವಾಯಿತು. ತಂದೆಯವರ ಎಡಗಾಲು, ಚಿಕಿತ್ಸೆಯಾದ ಅದೇ ಕಾಲು, ರಬ್ಬರಿನ ಹಾಸಿನ ಮೇಲೆ ಇಲ್ಲದ ಕ್ಲಚ್ಚನ್ನು ಒತ್ತುತ್ತಿದ್ದುದನ್ನು ನಾನು ಹಿಂದಿನಿಂದ ನೋಡಿದೆ.

ಮೊದಲನೆಯ ತಿರುವಿಗೆ ಇನ್ನೂ ಇಪ್ಪತ್ತು ಮಾರು ಇದ್ದಾಗ ತಾಯಿಯವರು ಎಡಗೈಯನ್ನು ಸ್ಟೀಯರಿಂಗಿನಿಂದ ತೆಗೆದು, ಲಿವರನ್ನು ‘ಡಿ’ ಎಂಬಲ್ಲಿಂದ ಪಕ್ಕಕ್ಕೆ ಸರಿಸಿ ‘ಎಂ’ ಎಂಬಲ್ಲಿಗೆ ತಂದರು. ಗೇರನ್ನು ಯಂತ್ರದ ಕೈಯಿಂದ ನಮ್ಮ ಕೈಗೆ ತೆಗೆದುಕೊಳ್ಳುವ ಏರ್ಪಾಡು ಅದು. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಬಳಸುವವರು ಕಡಿಮೆ. ಒಂದು ಸಲ ಕೆಳಕ್ಕೆ ತಟ್ಟಿದರು. ಮುಂದಿನ ಫಲಕದಲ್ಲಿ ಎರಡು ಎಂಬ ಅಂಕಿ ಬಂದಿತು. ಇಂಜಿನು ಗುರ್ರೆಂದು ಕಾರನ್ನು ಹಿಡಿದುಕೊಂಡಿತು. ಬ್ರೇಕನ್ನು ಮುಟ್ಟಿದರೋ ಇಲ್ಲವೋ ಎನ್ನುವಷ್ಟು ಮುಟ್ಟಿ, ಹಾರ್ನು ಹೊಡೆದು, ಮೇಲೆ ಬರುತ್ತಿದ್ದ ಮಿನಿಬಸ್ಸಿಗೆ ದಾರಿ ಬಿಟ್ಟು, ತಿರುವನ್ನು ಇಳಿಸಿದರು. ಎರಡನೆಯದು, ಮೂರನೆಯದು. ಕಾರು ಎಲ್ಲಿಯೂ ಮುನ್ನುಗ್ಗಲಿಲ್ಲ.

ಐದನೆಯ ತಿರುವಾದ ಮೇಲೆ ತಂದೆಯವರು ಕೇಳಿದರು: “ಇದನ್ನು ಆ ಹುಡುಗ ಹೇಳಿಕೊಟ್ಟನೆ?”

“ಅವನಿಗೇನು ಗೊತ್ತು? ಅವನು ‘ಡಿ’ಗೆ ಹಾಕಿ ಸುಮ್ಮನಿರಿ ಟೀಚರೇ ಅಂದ.”

“ಮತ್ತೆ?”

“ಇಪ್ಪತ್ತೈದು ವರ್ಷ ನಿಮ್ಮ ಪಕ್ಕದಲ್ಲಿ ಕೂತಿದ್ದೆನಲ್ಲ. ಎಲ್ಲಿ ಎರಡು, ಎಲ್ಲಿ ಮೂರು ಅಂತ ಕಿವಿಗೆ ಗೊತ್ತಿಲ್ಲವೆ?”

ತಂದೆಯವರು ಏನನ್ನೂ ಹೇಳಲಿಲ್ಲ. ಸೋಮೇಶ್ವರದ ಚೆಕ್‌ಪೋಸ್ಟು ಕಾಣುವ ಹೊತ್ತಿಗೆ ಅವರ ಎಡಗಾಲು ರಬ್ಬರು ಹಾಸಿನ ಮೇಲೆ ಚಾಚಿಕೊಂಡು ಸುಮ್ಮನೆ ಬಿದ್ದಿತ್ತು. ಹೆಬ್ರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಇಳಿದು, ಕುಂಟುತ್ತ ಮುಂದಿನ ಚಕ್ರದ ಹತ್ತಿರ ಹೋಗಿ, ಬಗ್ಗಲಾರದೆ ಬಗ್ಗಿ, ಬ್ರೇಕಿನ ವಾಸನೆ ಇದೆಯೇ ಎಂದು ಮೂಸಿ ನೋಡಿದರು. ಇರಲಿಲ್ಲ.

ಈಗ ತಿಂಗಳಿಗೊಮ್ಮೆ ಹೋಗಿಬರುತ್ತಾರೆ. ಮೊಣಕಾಲು ಮುಕ್ಕಾಲುಪಾಲು ಬಗ್ಗುತ್ತದೆ. ಬಿಳಿಯ ಮಾರುತಿಯನ್ನು ಮಾರಿಲ್ಲ. ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುತ್ತ, ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ಇಟ್ಟುಕೊಂಡಿದ್ದಾರೆ. ಅಲ್ಲಿ ಅದರ ಪಾಡಿಗೆ ಅದು ನಿಂತಿದೆಯೆಂದೇ ನಾನು ತಿಳಿದಿದ್ದೆ. ಕಳೆದ ಭಾನುವಾರ ದೂರವಾಣಿಯಲ್ಲಿ ಅದು ಇದು ಮಾತನಾಡುತ್ತ ತಾಯಿಯವರು, “ನಿನ್ನ ಅಪ್ಪಯ್ಯ ನನಗೆ ಹಳೆಯ ಕಾರಿನಲ್ಲಿ ಕ್ಲಚ್ಚು ಕಲಿಸುತ್ತಿದ್ದಾರೆ” ಎಂದರು.

“ಹೇಗಿದೆ ಪಾಠ?” ಎಂದೆ.

“ಕಾರೇನೋ ಸರಿಯಾಗಿದೆ. ಮೇಷ್ಟ್ರದೇ ಕಷ್ಟ. ಒಂದು ವಾರವಾಯಿತು, ಇನ್ನೂ ಅಂಗಳ ಬಿಟ್ಟು ಹೊರಡಿಸಿಲ್ಲ. ಕಣ್ಣು ಮುಚ್ಚಿಕೊಂಡು ಕೂರು ಅಂತಾರೆ.”